ಐದು ವರ್ಷದ ಮಗಳ ಮೈಮೇಲೆ ಮತ್ತೆ ಮತ್ತೆ ಏಳುವ ನೀರುಗುಳ್ಳೆ: ಎರಡು ಬಯಾಪ್ಸಿ ಯಾಕೆ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಒಂದು ಹಳ್ಳಿ. ಮಗಳಿಗೆ ಐದು ವರ್ಷ, ಯುಕೆಜಿಗೆ ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ ನೀರು ತುಂಬಿದ ಬೊಕ್ಕೆಗಳು ಎದ್ದವು. ಈಗ ಬಾಯಿಯ ಸುತ್ತಲೂ ಬಂದಿವೆ. ರಾತ್ರಿ ತುಂಬಾ ತುರಿಕೆ. ಮೊದಲು ಕಜ್ಜಿ ಎಂದು ಎರಡು ಕೋರ್ಸ್ ಆ್ಯಂಟಿಬಯೋಟಿಕ್ ಕೊಟ್ಟರು. ಇನ್ನೊಬ್ಬರು ಸರ್ಪಸುತ್ತು ಎಂದರು. ಅತ್ತೆ ನಾಗದೋಷ ಎನ್ನುತ್ತಾರೆ, ನೆರೆಮನೆಯವರು ಎಂಡೋಸಲ್ಫಾನ್ ಎನ್ನುತ್ತಾರೆ. ಶಾಲೆಯಲ್ಲಿ ಸದ್ಯಕ್ಕೆ ಕಳಿಸಬೇಡಿ ಎಂದಿದ್ದಾರೆ. ಈಗ ಮಂಗಳೂರಿನ ಚರ್ಮದ ಡಾಕ್ಟ್ರು ‘ಲೀನಿಯರ್ ಐಜಿಎ’ ಇರಬಹುದು, ಬರುವ ಮಂಗಳವಾರ ಎರಡು ಕಡೆ ಬಯಾಪ್ಸಿ ಮಾಡೋಣ, ಆಮೇಲೆ ಡ್ಯಾಪ್ಸೋನ್ ಎಂದಿದ್ದಾರೆ. ಮೆಡಿಕಲ್‌ನ ಹುಡುಗ ಅದು ಕುಷ್ಠರೋಗದ ಮಾತ್ರೆ ಎಂದ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಇಷ್ಟು ಸಣ್ಣ ಮಗುವಿಗೆ ಎರಡು ಕಡೆ ಕತ್ತರಿಸಲೇಬೇಕಾ? ಫೋಟೋ ಕಳಿಸಿದ್ದೇನೆ, ನೋಡಿ ಹೇಳಲು ಆಗುವುದಿಲ್ಲವಾ? ಇದು ಜೀವನಪೂರ್ತಿ ಇರುತ್ತದಾ?

ಉತ್ತರ: ಅಕ್ಕಾ, ನಿಮ್ಮ ನಿದ್ದೆ ಕೆಡಿಸಿದ ಮಾತನ್ನೇ ಮೊದಲು ಮುಗಿಸಿಬಿಡೋಣ. ನೀವು ಬರೆದದ್ದರಲ್ಲಾಗಲಿ, ಕಳಿಸಿದ ನಾಲ್ಕು ಫೋಟೋಗಳಲ್ಲಾಗಲಿ ಕುಷ್ಠದ ಲಕ್ಷಣ ಒಂದೂ ಇಲ್ಲ. ಕುಷ್ಠದಲ್ಲಿ ಸಾಮಾನ್ಯವಾಗಿ ಬಣ್ಣ ಮಾಸಿದ ಮಚ್ಚೆ ಬರುತ್ತದೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ನಿಮ್ಮ ಮಗಳು ತುರಿಕೆ ತಾಳಲಾರದೆ ರಾತ್ರಿ ಎದ್ದು ಕೂರುತ್ತಾಳೆ. ಡ್ಯಾಪ್ಸೋನ್ ಕುಷ್ಠಕ್ಕೆ ಕೊಡುವ ಮಾತ್ರೆಗಳಲ್ಲಿ ಒಂದು ಹೌದು, ಆ ಹುಡುಗ ಸುಳ್ಳು ಹೇಳಿಲ್ಲ. ಆದರೆ ಅದಕ್ಕೆ ಇನ್ನೊಂದು ಗುಣವಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಚರ್ಮದೊಳಗೆ ನುಗ್ಗಿ ಮಾಡುವ ದಾಂಧಲೆಯನ್ನು ಅದು ತಡೆಯುತ್ತದೆ. ತೆಂಗಿನೆಣ್ಣೆಯನ್ನು ನಾವು ತಲೆಗೂ ಹಚ್ಚುತ್ತೇವೆ, ಒಗ್ಗರಣೆಗೂ ಹಾಕುತ್ತೇವೆ ಅಲ್ವಾ? ಇದೂ ಹಾಗೇ.

ಇನ್ನು ಫೋಟೋ. ಮೂರನೆಯ ಫೋಟೋವನ್ನು ನಾನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಎಡತೊಡೆಯ ಒಳಭಾಗ. ನಡುವೆ ಒಣಗಿದ, ಕಂದು ಬಣ್ಣದ ಹಕ್ಕಳೆ. ಅದರ ಸುತ್ತ ಬಿಗಿಯಾಗಿ ನೀರು ತುಂಬಿದ ಏಳೆಂಟು ಸಣ್ಣ ಗುಳ್ಳೆಗಳು, ಒಂದಕ್ಕೊಂದು ತಾಗಿಕೊಂಡು ವೃತ್ತ ಕಟ್ಟಿವೆ. ಒಳಗಿನ ನೀರು ತಿಳಿಯಾಗಿದೆ, ಕೀವಾಗಿಲ್ಲ. ನಮ್ಮ ಪುಸ್ತಕಗಳಲ್ಲಿ ಇದನ್ನು ಮುತ್ತಿನ ಸರ ಎನ್ನುತ್ತಾರೆ. ನನಗೆ ಮಾತ್ರ ಇದನ್ನು ನೋಡಿದಾಗಲೆಲ್ಲ ಒಬ್ಬರು ಅಜ್ಜಿ ನೆನಪಾಗುತ್ತಾರೆ.

ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸತು. ನಾಲ್ಕು ವರ್ಷದ ಹುಡುಗನೊಬ್ಬನಿಗೆ ಇದೇ ತರಹದ ಗುಳ್ಳೆಗಳು. ಬ್ಯಾಕ್ಟೀರಿಯಾದಿಂದ ಬರುವ ಇಂಪೆಟಿಗೋ ಎಂದುಕೊಂಡು ಮೂರು ವಾರ ಆ್ಯಂಟಿಬಯೋಟಿಕ್ ಕೊಟ್ಟೆ. ನಾಲ್ಕನೇ ಸಲ ಬಂದಾಗ ಅವನ ಅಜ್ಜಿ ಹೇಳಿದರು, “ಡಾಕ್ಟ್ರೇ, ಹಳೇದು ಒಣಗುತ್ತದೆ, ಅದರ ಸುತ್ತ ಹೊಸತು ಹುಟ್ಟುತ್ತದೆ. ನೋಡಿ, ನನ್ನ ಬೆಂಡೋಲೆ ಹಾಗೆ.” ಅವರ ಕಿವಿ ನೋಡಿದೆ. ನಡುವೆ ಒಂದು ಕಲ್ಲು, ಸುತ್ತ ಆರು. ಹುಡುಗನ ಹೊಟ್ಟೆ ನೋಡಿದೆ. ನಾನು ಓದಿದ್ದು, ಆದರೆ ಕಣ್ಣೆದುರು ಬಂದಾಗ ಗುರುತಿಸದೇ ಹೋದದ್ದು, ಆ ಅಜ್ಜಿಯ ಬಾಯಲ್ಲಿ ಬಂತು.

ಆದ್ದರಿಂದ ನಿಮ್ಮ ಮೊದಲ ಡಾಕ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಈ ಲೀನಿಯರ್ ಐಜಿಎ ರೋಗ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಬ್ಬರಿಗೋ ಇಬ್ಬರಿಗೋ ಹೊಸದಾಗಿ ಬರುವಂಥದ್ದು. 2011ರ ಗಣತಿಯ ಪ್ರಕಾರ ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆಯೇ ಸುಮಾರು 13 ಲಕ್ಷ. ಊರಿನ ಡಾಕ್ಟ್ರು ಇಡೀ ವೃತ್ತಿಯಲ್ಲಿ ಒಂದೂ ಕೇಸ್ ನೋಡದೇ ಇರಬಹುದು. ಆದರೆ ಇಂಪೆಟಿಗೋ? ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಬರುತ್ತವೆ. ಮೊದಲ ಸಲ ಆ್ಯಂಟಿಬಯೋಟಿಕ್ ಬರೆದದ್ದು ತಪ್ಪಲ್ಲ. ಎರಡು ಕೋರ್ಸ್ ಮುಗಿದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ ಮಾತ್ರ ಮೂರನೆಯದು ಬರೆಯಬಾರದು. ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ಯೋಚಿಸಬೇಕು.

ಗುಳ್ಳೆ ಅಂದರೆ ನೂರು ಕಾರಣ. ನಮ್ಮ ಊರಲ್ಲಂತೂ ಪುಸ್ತಕದಲ್ಲಿ ಇಲ್ಲದ ಕಾರಣಗಳೂ ಇವೆ. ಏಪ್ರಿಲ್ ಮೇಯಲ್ಲಿ ಮಕ್ಕಳು ಅಂಗಳದಲ್ಲಿ ಗೇರುಬೀಜ ಸುಡುತ್ತಾರೆ, ಸಿಪ್ಪೆಯ ಎಣ್ಣೆ ತುಟಿಗೆ, ಕೆನ್ನೆಗೆ ತಾಗುತ್ತದೆ. ಕಾಡುಮಾವಿನ ಸೊನೆ, ಚೇರೆ ಮರ ಇವೂ ಗುಳ್ಳೆ ಎಬ್ಬಿಸುತ್ತವೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಸಣ್ಣ ಕೆಂಪು ಕಪ್ಪು ಹುಳವಿದೆ. ಮೈಮೇಲೆ ಕೂತಾಗ ಅದನ್ನು ಜಜ್ಜಿದರೆ ಬೆಳಿಗ್ಗೆ ಎದ್ದಾಗ ಬೆಂಕಿ ತಾಗಿದಂತೆ ಉದ್ದಕ್ಕೆ ಬರೆ. ಇವೆಲ್ಲ ತಾಗಿದ ಜಾಗದಲ್ಲಿ ಮಾತ್ರ ಬರುತ್ತವೆ, ವಾರ ಎರಡು ವಾರದಲ್ಲಿ ಹೋಗುತ್ತವೆ. ಎರಡು ತಿಂಗಳು ಬೆನ್ನು ಹತ್ತುವುದಿಲ್ಲ.

ಸರ್ಪಸುತ್ತು ಒಂದು ನರದ ದಾರಿ ಹಿಡಿದು ಹೋಗುತ್ತದೆ. ಹಾಗಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಬರುತ್ತದೆ, ನಡುಗೆರೆ ದಾಟುವುದು ಅಪರೂಪ. ನಿಮ್ಮ ಮಗಳಿಗೆ ಎರಡೂ ತೊಡೆಯಲ್ಲಿದೆ, ಬಾಯಿಯ ಸುತ್ತಲೂ ಇದೆ. ಚಿಕನ್‌ಪಾಕ್ಸ್ ಆಗಿದ್ದರೆ ಜ್ವರ ಬಂದು, ಮೈತುಂಬ ಎದ್ದು, ಹತ್ತು ಹನ್ನೆರಡು ದಿನದಲ್ಲಿ ಹಕ್ಕಳೆಯಾಗುತ್ತಿತ್ತು. ಹುಟ್ಟಿನಿಂದಲೇ ಚರ್ಮ ಸೂಕ್ಷ್ಮವಾಗಿದ್ದು ಉಜ್ಜಿದಲ್ಲೆಲ್ಲ ಗುಳ್ಳೆ ಏಳುವ ಒಂದು ವಂಶವಾಹಿ ರೋಗವೂ ಇದೆ. ಆದರೆ ಅದು ಐದನೇ ವರ್ಷದಲ್ಲಿ, ತೊಡೆಸಂದಿಯಲ್ಲಿ, ಹೀಗೆ ಥಟ್ಟನೆ ಶುರುವಾಗುವುದಿಲ್ಲ.

ಇಷ್ಟೆಲ್ಲ ತಳ್ಳಿಹಾಕಿದ ಮೇಲೆ ಉಳಿಯುವುದು ಮೈಯೇ ಮೈಯ ಮೇಲೆ ತಿರುಗಿಬೀಳುವ ರೋಗಗಳ ಗುಂಪು. ಸೋಂಕಿನ ವಿರುದ್ಧ ಹೋರಾಡಬೇಕಾದ ಆ್ಯಂಟಿಬಾಡಿಗಳು ನಮ್ಮದೇ ಚರ್ಮದ ಅಂಟಿನ ಮೇಲೆ ಹೋಗಿ ಕೂರುತ್ತವೆ. ಅಂಟು ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಚರ್ಮಕ್ಕೆ ಮೇಲಿನ ಪದರ, ಕೆಳಗಿನ ಪದರ ಎಂದು ಎರಡಿವೆ. ಇವೆರಡನ್ನು ಹಿಡಿದಿಡುವುದಕ್ಕೆ ನಡುವೆ ಕೆಲವು ಪ್ರೋಟೀನುಗಳಿವೆ. ನಿಮ್ಮ ಡಾಕ್ಟ್ರು ಸಂಶಯಪಟ್ಟ ರೋಗದಲ್ಲಿ ಐಜಿಎ ಎಂಬ ಜಾತಿಯ ಆ್ಯಂಟಿಬಾಡಿ ಅಲ್ಲಿ, ಆ ಗಡಿಯಲ್ಲಿ, ಕೂರುತ್ತದೆ. ಹಿಂದೆಯೇ ನ್ಯೂಟ್ರೋಫಿಲ್‌ಗಳು ಬರುತ್ತವೆ. ಅಂಟು ಬಿಡುತ್ತದೆ, ಮೇಲಿನ ಪದರ ಇಡಿಯಾಗಿ ಎದ್ದು ಪೂರಿಯ ಹಾಗೆ ಉಬ್ಬುತ್ತದೆ. ಗುಳ್ಳೆಯ ಮಾಡು, ಅಂದರೆ ಮೇಲಿನ ಮುಚ್ಚಿಗೆ, ದಪ್ಪ ಇರುವುದರಿಂದ ಗುಳ್ಳೆ ಬಿಗಿಯಾಗಿ ನಿಲ್ಲುತ್ತದೆ. ದೊಡ್ಡವರಲ್ಲಿ ಹೆಚ್ಚು ಕಾಣುವ ಪೆಂಫಿಗಸ್‌ನಲ್ಲಿ ಹಾಗಲ್ಲ. ಅಲ್ಲಿ ಮೇಲಿನ ಪದರದ ಒಳಗೇ ಜೀವಕೋಶಗಳು ಒಂದನ್ನೊಂದು ಕೈಬಿಡುತ್ತವೆ. ಗುಳ್ಳೆ ಹಾಲಿನ ಕೆನೆಯಷ್ಟು ತೆಳು, ಮುಟ್ಟಿದರೆ ಹರಿಯುತ್ತದೆ.

ಹಾಗಾದರೆ ನೋಡಿದರೇ ಗೊತ್ತಾಗುತ್ತದಲ್ಲ, ಕತ್ತರಿಸುವುದು ಯಾಕೆ ಎಂದು ಕೇಳುತ್ತೀರಿ. ನನ್ನ ಕಣ್ಣು ಹೇಳುವುದು ಅಂದಾಜು. ಆ ಅಂದಾಜಿನ ಮೇಲೆ ಐದು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಡ್ಯಾಪ್ಸೋನ್ ಕೊಡಲು ನನಗೆ ಧೈರ್ಯವಿಲ್ಲ. ಹೊರಗಿನಿಂದ ಹೀಗೇ ಕಾಣುವ, ಚಿಕಿತ್ಸೆ ಬೇರೆಯೇ ಇರುವ ರೋಗಗಳಿವೆ. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂದು ಒಂದಿದೆ. ಅದು ಇದ್ದರೆ ಗೋಧಿ ಬಿಡಬೇಕು, ಚಪಾತಿ, ಬಿಸ್ಕತ್ತು ಎಲ್ಲ. ಲೀನಿಯರ್ ಐಜಿಎಯಲ್ಲಿ ಅದರ ಅಗತ್ಯವಿಲ್ಲ. ಸುಮ್ನೆ ಅಂದಾಜಿನಲ್ಲಿ ಮಗುವಿನ ಊಟ ಕಟ್ಟುವುದು ಸರಿಯಾ?

ಸಾಮಾನ್ಯ ಬಯಾಪ್ಸಿಯಲ್ಲಿ, ಅಂದರೆ ಗುಳ್ಳೆಯ ತುಂಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಎರಡು ಸಂಗತಿ ಗೊತ್ತಾಗುತ್ತವೆ. ಸೀಳು ಯಾವ ಮಟ್ಟದಲ್ಲಿದೆ, ಅಲ್ಲಿ ಯಾವ ಕಣಗಳು ಸೇರಿವೆ. ತೊಂದರೆ ಏನೆಂದರೆ, ಈಗ ಹೇಳಿದ ಆ ಎರಡು ರೋಗಗಳು ಇಲ್ಲಿ ಅವಳಿ ಜವಳಿ. ಎರಡರಲ್ಲೂ ಪದರದ ಕೆಳಗೆ ಸೀಳು, ಎರಡರಲ್ಲೂ ನ್ಯೂಟ್ರೋಫಿಲ್. ಅನುಭವಿ ಪೆಥಾಲಜಿಸ್ಟ್ ಕೂಡ ಎರಡೂ ಇರಬಹುದು ಎಂದೇ ಬರೆಯುತ್ತಾರೆ.

ಎರಡನೆಯ ತುಂಡು ಬೇಕಾಗುವುದು ಇಲ್ಲಿ. ಇದನ್ನು ಗುಳ್ಳೆಯಿಂದ ತೆಗೆಯುವುದಿಲ್ಲ. ಗುಳ್ಳೆಯ ಪಕ್ಕದ, ಒಂದು ಸೆಂಟಿಮೀಟರ್ ಒಳಗಿನ, ನೋಡಲಿಕ್ಕೆ ಚೆನ್ನಾಗಿಯೇ ಇರುವ ಚರ್ಮದಿಂದ ತೆಗೆಯುತ್ತಾರೆ. ಪೋಷಕರಿಗೆ ಇದೇ ಅರ್ಥವಾಗುವುದಿಲ್ಲ. ಒಬ್ಬ ತಂದೆ ನನ್ನ ಕೈಯನ್ನೇ ಹಿಡಿದುಬಿಟ್ಟಿದ್ದರು, “ಅಲ್ಲಿ ಏನೂ ಇಲ್ಲವಲ್ಲ ಡಾಕ್ಟ್ರೇ!” ಅವರು ಹೇಳಿದ್ದು ಸರಿ, ಕಣ್ಣಿಗೆ ಏನೂ ಇರಲಿಲ್ಲ. ಆದರೆ ಗುಳ್ಳೆ ಎದ್ದ ಜಾಗದಲ್ಲಿ ಜಗಳ ಮುಗಿದು ಎಲ್ಲ ಚೆಲ್ಲಾಪಿಲ್ಲಿಯಾಗಿರುತ್ತದೆ, ಆ್ಯಂಟಿಬಾಡಿ ಅಳಿಸಿಹೋಗಿರಬಹುದು. ಪಕ್ಕದ ಚರ್ಮದಲ್ಲಿ ಅದು ಬಂದು ಕೂತಿರುತ್ತದೆ, ಗಲಾಟೆ ಇನ್ನೂ ಶುರುವಾಗಿರುವುದಿಲ್ಲ.

ಆ ತುಂಡನ್ನು ತೆಳುವಾಗಿ ಸೀಳಿ, ಐಜಿಎಗೆ ಮಾತ್ರ ಅಂಟಿಕೊಳ್ಳುವ, ಬೆಳಗುವ ಬಣ್ಣ ಹಾಕುತ್ತಾರೆ. ಇದಕ್ಕೆ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ ಎನ್ನುತ್ತಾರೆ. ಕತ್ತಲ ಕೋಣೆಯಲ್ಲಿ ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಕಪ್ಪು ಹಿನ್ನೆಲೆಯಲ್ಲಿ ಎರಡು ಪದರಗಳ ಗಡಿಯುದ್ದಕ್ಕೂ ಒಂದು ಹಸಿರು ಗೆರೆ. ಲೀನಿಯರ್ ಎನ್ನುವ ಹೆಸರು ಆ ಗೆರೆಯಿಂದ ಬಂದದ್ದು. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಆದರೆ ಗೆರೆ ಇರುವುದಿಲ್ಲ, ರಂಗೋಲಿ ಪುಡಿ ಉದುರಿದ ಹಾಗೆ ಚುಕ್ಕಿ ಚುಕ್ಕಿ. ಪೆಂಫಿಗಸ್ ಆದರೆ ಜೀವಕೋಶಗಳ ನಡುವೆಲ್ಲ ಹರಡಿದ ಮೀನಿನ ಬಲೆ, ಅದೂ ಐಜಿಎ ಅಲ್ಲ, ಹೆಚ್ಚಾಗಿ ಐಜಿಜಿ ಎಂಬ ಇನ್ನೊಂದು ಜಾತಿಯ ಆ್ಯಂಟಿಬಾಡಿ. ಒಮ್ಮೆ ನೋಡಿದರೆ ಮರೆಯುವ ಚಿತ್ರಗಳಲ್ಲ ಇವು. ಈ ವಿಧಾನದಿಂದ ಪೆಂಫಿಗಸ್‌ನ ಆ್ಯಂಟಿಬಾಡಿಯನ್ನು ಬ್ಯೂಟ್ನರ್ ಮತ್ತು ಜೋರ್ಡನ್ ಅಮೆರಿಕದಲ್ಲಿ ತೋರಿಸಿದ್ದು 1964ರಲ್ಲಿ. ನಿಮ್ಮ ಮಗಳದ್ದು ಎಂದು ಸಂಶಯವಿರುವ ರೋಗದ ಮಕ್ಕಳ ರೂಪವನ್ನು ಈ ಹೆಸರಿನಲ್ಲಿ ಬೇರೆಯಾಗಿ ಗುರುತಿಸಿ ಪೋಲೆಂಡಿನ ಖೋರ್ಜೆಲ್ಸ್ಕಿ ಮತ್ತು ಯಾಬ್ಲೋನ್ಸ್ಕಾ ಬರೆದದ್ದು 1979ರಲ್ಲಿ. ಅದಕ್ಕೂ ಮೊದಲು ಇಂಥ ಮಕ್ಕಳಿಗೆ ಯಾವ ಯಾವ ಹೆಸರು ಹಚ್ಚುತ್ತಿದ್ದರೋ!

ಈಗ ನಾನು ಜಾಸ್ತಿ ಒತ್ತಿ ಹೇಳಬೇಕಾದ ಸಂಗತಿ. ಎರಡು ತುಂಡು ಎರಡು ಬೇರೆ ಡಬ್ಬಿಗೆ ಹೋಗಬೇಕು. ಗುಳ್ಳೆಯ ತುಂಡು ಫಾರ್ಮಲಿನ್‌ಗೆ. ಪಕ್ಕದ ತುಂಡು ಮಿಷೆಲ್ ಮೀಡಿಯಂ ಎಂಬ ದ್ರಾವಣಕ್ಕೆ. ಎರಡನೆಯದು ಫಾರ್ಮಲಿನ್‌ಗೆ ಬಿದ್ದರೆ ಈ ಪರೀಕ್ಷೆಗೆ ಅದು ಕೆಟ್ಟಂತೆಯೇ. ಆ ಬೆಂಡೋಲೆ ಅಜ್ಜಿಯ ಮೊಮ್ಮಗನಿಗೆ ಹೀಗೇ ಆಯಿತು. ತುಂಡು ತೆಗೆದೆ, ಇನ್ನೊಂದು ರೋಗಿ ಕರೆದರೆಂದು ಎದ್ದು ಹೋದೆ, ಸಹಾಯಕರು ಎರಡನ್ನೂ ಒಂದೇ ಡಬ್ಬಿಗೆ ಹಾಕಿದರು. ನಾನು ನಿಂತು ನೋಡಬೇಕಿತ್ತು. ಹುಡುಗನಿಗೆ ಮತ್ತೊಮ್ಮೆ ಸೂಜಿ ಚುಚ್ಚಿಸಬೇಕಾಯಿತು. ಅವನು ಅತ್ತದ್ದಕ್ಕಿಂತ ಹೆಚ್ಚು ಆ ಅಜ್ಜಿ ಅತ್ತರು. ಅವತ್ತಿನಿಂದ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ ನನ್ನದೇ. ಆದ್ದರಿಂದ ನೀವು ಸಂಕೋಚಪಡದೆ ಕೇಳಿ, “ಇಮ್ಯುನೋಫ್ಲೋರೆಸೆನ್ಸ್‌ಗೆ ಬೇರೆ ಡಬ್ಬಿ ಇದೆಯಾ?” ಒಳ್ಳೆಯ ಡಾಕ್ಟ್ರಿಗೆ ಇದರಿಂದ ಬೇಸರವಾಗುವುದಿಲ್ಲ. ಮಿಷೆಲ್ ಮೀಡಿಯಂನಲ್ಲಿದ್ದರೆ ಮಾಮೂಲಿ ಉಷ್ಣತೆಯಲ್ಲೇ ಕೆಲವು ದಿನ ತಡೆಯುತ್ತದೆ, ಕೊರಿಯರ್‌ನಲ್ಲೂ ಹೋಗಬಹುದು. ಅದು ಸಿಗದೆ ಬರೀ ಸಲೈನ್‌ನಲ್ಲಿ ಹಾಕಿದರೆ 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಈ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ನಮ್ಮ ಕಡೆಯವರಿಗೆ ಮಂಗಳೂರು, ಮಣಿಪಾಲವೇ ಹತ್ತಿರ.

‘ಕತ್ತರಿಸುವುದು’ ಎಂದು ನೀವು ಬರೆದಿದ್ದೀರಿ. ಪಂಚ್ ಎನ್ನುವ ಪುಟ್ಟ ಉಪಕರಣ ಅದು, ತುದಿಯ ಅಗಲ ಮೂರರಿಂದ ನಾಲ್ಕು ಮಿಲಿಮೀಟರ್. ಹೆಸರುಕಾಳಿನಷ್ಟು ಚರ್ಮ ಬರುತ್ತದೆ. ಒಂದು ಗಂಟೆ ಮೊದಲೇ ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಚ್ಚಿಟ್ಟರೆ ಇಂಜೆಕ್ಷನ್ನಿನ ನೋವೂ ಕಡಿಮೆ. ಕ್ರೀಮ್ ಬಗ್ಗೆ ಮೊದಲೇ ಫೋನ್ ಮಾಡಿ ಕೇಳಿ. ಆಮೇಲೆ ಒಂದು ಹೊಲಿಗೆ. ಮುಖದಿಂದ ತೆಗೆಯಬೇಕಾಗಿಲ್ಲ, ಹೊಟ್ಟೆ ಅಥವಾ ತೊಡೆ ಸಾಕು. ಸಣ್ಣ ಕಲೆ ಉಳಿಯುತ್ತದೆ, ಅದು ನಿಜ.

ನಿಮ್ಮ ಡಾಕ್ಟ್ರು ಕೇಳಿರಬಹುದು, ಆದರೂ ನಾನೂ ಕೇಳುತ್ತೇನೆ. ಮೊದಲ ಗುಳ್ಳೆ ಏಳುವ ಮುಂಚಿನ ವಾರಗಳಲ್ಲಿ ಜ್ವರಕ್ಕೋ ಕೆಮ್ಮಿಗೋ ಏನಾದರೂ ಔಷಧಿ ಕೊಟ್ಟಿದ್ದಿರಾ? ಕೆಲವು ಆ್ಯಂಟಿಬಯೋಟಿಕ್, ನೋವಿನ ಔಷಧಿಗಳಿಂದಲೂ ಇದು ಶುರುವಾಗುವುದುಂಟು. ಮಕ್ಕಳಲ್ಲಿ ಅಪರೂಪ, ಆದರೆ ಹಾಗಾಗಿದ್ದರೆ ಆ ಔಷಧಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು, ಕಣ್ಣು. ಕೆಂಪಾಗುತ್ತದಾ, ಉರಿಯುತ್ತದಾ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದಾ? ಈ ರೋಗ ಚರ್ಮದಲ್ಲಿ ಗಾಯದ ಗುರುತು ಬಿಡದೆ ಮಾಯುತ್ತದೆ, ಕಣ್ಣಿನಲ್ಲಿ ಮಾತ್ರ ಹಾಗೆ ನಂಬುವ ಹಾಗಿಲ್ಲ. ಅಲ್ಲಿ ಗಾಯವಾಗಿ ಕಲೆ ಕಟ್ಟಿದರೆ ದೃಷ್ಟಿಗೇ ತೊಂದರೆ. ಸಂಶಯ ಬಂದರೆ ಅದೇ ವಾರ ಕಣ್ಣಿನ ಡಾಕ್ಟ್ರಿಗೆ ತೋರಿಸಿ.

ಡ್ಯಾಪ್ಸೋನ್ ಕೊಡುವ ಮೊದಲು ಜಿ6ಪಿಡಿ ಎನ್ನುವ ರಕ್ತಪರೀಕ್ಷೆ ಆಗಲೇಬೇಕು. ಈ ಕಿಣ್ವ ಹುಟ್ಟಿನಿಂದ ಕಡಿಮೆ ಇದ್ದವರಿಗೆ ಈ ಮಾತ್ರೆ ಕೊಟ್ಟರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಗಂಡುಮಕ್ಕಳಲ್ಲಿ ಇದು ಜಾಸ್ತಿ, ಆದರೆ ಹೆಣ್ಣುಮಗು ಎಂದು ಬಿಡುವ ಹಾಗಿಲ್ಲ. ಮನೆಯಲ್ಲಿ, ನಿಮ್ಮ ಅಣ್ಣತಮ್ಮಂದಿರಲ್ಲಿ, ಯಾರಿಗಾದರೂ ಮಲೇರಿಯಾ ಮಾತ್ರೆ ನುಂಗಿದಾಗ ಕಾಮಾಲೆಯಾಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದುಂಟಾ? ಇದ್ದರೆ ಹೇಳಿ. ಕಿಣ್ವ ಸರಿಯಿದ್ದರೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ. ಅದಕ್ಕಾಗಿ ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ಅದಕ್ಕೆ ಮಂಗಳೂರಿಗೆ ಓಡಬೇಕಾಗಿಲ್ಲ. ಬದಿಯಡ್ಕದ ಲ್ಯಾಬಿನಲ್ಲಿ ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ಮುಚ್ಚಿದಾಗ ನಮ್ಮಲ್ಲಿ ಹಲವರು ಹೀಗೇ ಚಿಕಿತ್ಸೆ ಮುಂದುವರಿಸಿದ್ದು.

ಎರಡು ಸಂದರ್ಭದಲ್ಲಿ ಮಾತ್ರ ವಾಟ್ಸ್ಆ್ಯಪ್ ಸಾಲದು, ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತುಟಿ, ಉಗುರು ನೀಲಿಯಾಗಿ ಮಗು ಏದುಸಿರು ಬಿಡುತ್ತಿದ್ದರೆ ಒಂದು. ಮಾತ್ರೆ ಶುರುವಾಗಿ ಮೂರರಿಂದ ಆರು ವಾರದ ಹೊತ್ತಿಗೆ ಜ್ವರ, ಮೈತುಂಬ ಕೆಂಪು ದದ್ದು, ಕುತ್ತಿಗೆಯಲ್ಲಿ ಗಂಟು, ಕಣ್ಣು ಹಳದಿ, ಇಂಥದ್ದು ಕಂಡರೆ ಇನ್ನೊಂದು. ಎರಡನೆಯದು ಡ್ಯಾಪ್ಸೋನಿನ ಅಲರ್ಜಿ ಇರಬಹುದು, ಅಪರೂಪ ಆದರೆ ಅಪಾಯ. ಇದನ್ನು ಹೆದರಿಸಲು ಬರೆದದ್ದಲ್ಲ. ಮಳೆಗಾಲದಲ್ಲಿ ಜ್ವರ ಬಂದರೆ ವೈರಲ್ ಎಂದು ಮನೆಯಲ್ಲೇ ಕೂರುವ ಅಭ್ಯಾಸ ನಮಗಿದೆ, ಅದಕ್ಕೆ.

ಮಾತ್ರೆ ಹಿಡಿದರೆ ನೋಡುವುದೇ ಒಂದು ಸಂತೋಷ. ಹಲವು ಮಕ್ಕಳಲ್ಲಿ ಎರಡು ಮೂರು ದಿನದಲ್ಲೇ ತುರಿಕೆ ಇಳಿಯುತ್ತದೆ, ಒಂದು ವಾರದಲ್ಲಿ ಹೊಸ ಗುಳ್ಳೆ ನಿಲ್ಲುತ್ತಾ ಬರುತ್ತದೆ. ಸಾಲದಿದ್ದರೆ ಸ್ವಲ್ಪ ದಿನ ಸ್ಟೀರಾಯ್ಡ್ ಸೇರಿಸುತ್ತಾರೆ. ಡ್ಯಾಪ್ಸೋನ್ ಆಗದವರಿಗೆ ಬೇರೆ ಔಷಧಿಗಳೂ ಇವೆ. ಜೀವನಪೂರ್ತಿಯ ಮಾತು ಬಿಡಿ. ಹೆಚ್ಚಿನ ಮಕ್ಕಳಲ್ಲಿ ಇದು ಕೆಲವೇ ವರ್ಷಗಳಲ್ಲಿ, ದೊಡ್ಡವರಾಗುವ ಮೊದಲೇ, ತಾನಾಗಿ ಹೋಗುತ್ತದೆ. ನಡುವೆ ಒಮ್ಮೊಮ್ಮೆ ತಲೆ ಎತ್ತಬಹುದು. ಒಣಗಿದ ಜಾಗದಲ್ಲಿ ಕಪ್ಪೋ ಬಿಳುಪೋ ಬಣ್ಣ ಕೆಲವು ತಿಂಗಳು ಉಳಿಯುತ್ತದೆ. ನಮ್ಮ ಮೈಬಣ್ಣಕ್ಕೆ ಅದು ಎದ್ದು ಕಾಣುತ್ತದೆ, ಗಾಬರಿ ಬೇಡ. ಬೆಂಡೋಲೆ ಅಜ್ಜಿಯ ಮೊಮ್ಮಗನಿಗೆ ಎಂಟನೇ ವರ್ಷಕ್ಕೆ ಮಾತ್ರೆ ನಿಲ್ಲಿಸಿದ್ದೆವು.

ಶಾಲೆಗೆ ಧಾರಾಳ ಕಳಿಸಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ನಿಮ್ಮ ಡಾಕ್ಟ್ರಿಂದ ಒಂದು ಚೀಟಿ ಬರೆಸಿಕೊಳ್ಳಿ, ಟೀಚರಿಗೂ ಧೈರ್ಯ ಬರುತ್ತದೆ. ಕೆರೆದು ಕೆರೆದು ಜೇನು ಬಣ್ಣದ ಹಕ್ಕಳೆ ಕಟ್ಟಿದರೆ, ಅದು ಮೇಲಿಂದ ಬಂದ ಸೋಂಕು. ಅದು ವಾಸಿಯಾಗುವ ತನಕ ಎರಡು ಮೂರು ದಿನ ಮನೆಯಲ್ಲಿರಲಿ.

ಎಂಡೋಸಲ್ಫಾನ್ ಎಂದು ನೆರೆಯವರು ಹೇಳಿದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ಎಣ್ಮಕಜೆ, ಪಡ್ರೆ ಕಡೆಯ ಮನೆಗಳನ್ನು ನೋಡಿದ ಯಾರಿಗೂ ಮಕ್ಕಳ ಮೈಮೇಲೆ ಏನು ಕಂಡರೂ ಮೊದಲು ಬರುವ ಹೆಸರು ಅದೇ. ಆದರೆ ಆ ಕೀಟನಾಶಕವನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತು ಎರಡು ದಶಕ ಕಳೆದಿದೆ, ನಿಮ್ಮ ಮಗಳಿಗೆ ಐದು ವರ್ಷ. ಈ ರೋಗ ಗೇರು ತೋಟವನ್ನೇ ನೋಡದ ದೇಶಗಳ ಮಕ್ಕಳಿಗೂ ಇದೇ ವಯಸ್ಸಿನಲ್ಲಿ, ಇದೇ ಜಾಗಗಳಲ್ಲಿ ಬರುತ್ತದೆ. ನೀವು ತಿಂದದ್ದು, ಕುಡಿದದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ.

ಅತ್ತೆಯವರ ಹತ್ತಿರ ವಾದ ಮಾಡಬೇಡಿ. ಆಶ್ಲೇಷಾ ಬಲಿ ಮಾಡಿಸುವುದಾದರೆ ಮಾಡಿಸಲಿ, ನಮ್ಮ ಮನೆಯಲ್ಲೂ ನಾಗನಿಗೆ ತನು ಎರೆಯುತ್ತೇವೆ. ಎರಡು ಸಂಗತಿ ಮಾತ್ರ ಒಪ್ಪಿಸಿ. ಬಯಾಪ್ಸಿಯ ದಿನ ಮುಂದೆ ಹೋಗಬಾರದು. ಗುಳ್ಳೆಯ ಮೇಲೆ ಕೆಮ್ಮಣ್ಣು, ಅರಶಿನ, ಸೊಪ್ಪಿನ ರಸ ಏನೂ ಹಚ್ಚಬಾರದು.

ಇನ್ನು ಮಂಗಳವಾರದ ತಯಾರಿ. ಇಲ್ಲಿಯವರೆಗಿನ ಎಲ್ಲ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್ ಸಮೇತ, ಒಂದೇ ಫೈಲಿನಲ್ಲಿ ಹಾಕಿಕೊಳ್ಳಿ. ಮಲಯಾಳದಲ್ಲಿ ಬರೆದ ಚೀಟಿ ಇದ್ದರೆ ಓದಿ ಹೇಳುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಿಗಿ ಇಲ್ಲದ ಹತ್ತಿಯ ಲಂಗ ಹಾಕಿಸಿ. ಭಾನುವಾರದಿಂದ ಯಾವ ಗುಳ್ಳೆಯನ್ನೂ ಒಡೆಯಬೇಡಿ. ಪರೀಕ್ಷೆಗೆ ಅತಿ ಒಳ್ಳೆಯದು 24 ಗಂಟೆ ತುಂಬದ, ಒಡೆಯದ, ಸಣ್ಣ ಗುಳ್ಳೆ. ಅದು ಯಾವುದೆಂದು ಡಾಕ್ಟ್ರಿಗೆ ಗೊತ್ತಾಗುವುದಿಲ್ಲ, ನಿಮಗೆ ಮಾತ್ರ ಗೊತ್ತಿರುತ್ತದೆ. ಸೋಮವಾರ ಸಂಜೆ ಮಗಳನ್ನು ಸ್ನಾನ ಮಾಡಿಸುವಾಗ ಹೊಟ್ಟೆ, ತೊಡೆ ಸರಿಯಾಗಿ ನೋಡಿ, ಮಂಗಳವಾರ ಬೆಳಿಗ್ಗೆ ಮತ್ತೊಮ್ಮೆ ನೋಡಿ. ರಾತ್ರಿ ಕಳೆದು ಹೊಸದಾಗಿ ಎದ್ದದ್ದು ಕಂಡರೆ, ಸ್ವಲ್ಪ ದೂರದಲ್ಲಿ ಬಾಲ್‌ಪೆನ್ನಿನಿಂದ ಸುತ್ತು ಹಾಕಿ. ಹೋದ ಕೂಡಲೇ ಅದನ್ನೇ ತೋರಿಸಿ.